ಬೋಳುಕುದ್ರುವಿನಲ್ಲಿ ಬೆಳ್ಳಕ್ಕ ತೀರ್ಥ ಹುಟ್ಟಿದ್ದು

ದ್ವಾಪರಯುಗವು ಮುಗಿಯುತ್ತ ಬಂದು, ಕಲಿಪುರುಷನು ಇನ್ನೂ ಹೊಸ್ತಿಲಾಚೆ ಕಾಲು ತೊಳೆಯುತ್ತ ನಿಂತಿದ್ದ ಕಾಲದಲ್ಲಿ, ಪಶ್ಚಿಮಸಮುದ್ರತೀರದಲ್ಲಿ, ಸಕಲಸಂಪತ್ಸಮೃದ್ಧವೂ ನಾನಾದೇಶವಣಿಕ್ಸಮೂಹಸೇವಿತವೂ ಒಣಮೀನಿನ ದಿವ್ಯಪರಿಮಳದಿಂದ ಕಣ್ಣು ಮುಚ್ಚಿಕೊಂಡವರಿಗೂ ದಾರಿ ತೋರುವಂಥದೂ ಆದ ತೊರೆಬಾಗಿಲೆಂಬ ಪಟ್ಟಣವಿತ್ತು. ಹೊಳೆಯು ಕಡಲನ್ನು ಸೇರುವ ಅಳಿವೆಯಿಂದ ಬೆಳಗಿನ ಮೂಡಗಾಳಿಗೆ ಹಾಯಿ ಬಿಚ್ಚಿ ಹೊರಟವರು, ಮೊದಲು ನಾರಿಕೇಳವೃಕ್ಷಸಂಕುಲದಿಂದ ಶೋಭಿಸುವ ತೆಂಗುಕುದ್ರುವೆಂಬ ನಡುಗಡ್ಡೆಯನ್ನೂ, ಆಮೇಲೆ ಶಂಖಶುಕ್ತಿಗಳಿಂದ ಬೆಳ್ಳಗೆ ಹೊಳೆಯುವ ಚಿಪ್ಪುಕುದ್ರುವನ್ನೂ, ಕಡೆಯಲ್ಲಿ ಹುಲ್ಲುಕಡ್ಡಿಯೂ ಇಲ್ಲದ ಕರಿಗಲ್ಲಿನ ಬೋಳುಕುದ್ರುವನ್ನೂ ಕಂಡು, ಮಧ್ಯಾಹ್ನದ ಪಡುಗಾಳಿ ಎದ್ದೊಡನೆ ಅದನ್ನೇ ಬೆನ್ನಿಗೆ ಹಾಕಿಕೊಂಡು ಸಂಜೆಯ ಊಟಕ್ಕೆ ಮನೆ ಸೇರುತ್ತಿದ್ದರು. ಒಂದೇ ಹಗಲಿನ ಯಾತ್ರೆ. ಪುಣ್ಯವೂ ಆಯಿತು, ತಿರುಗಾಟವೂ ಆಯಿತು ಎಂದು ಪಟ್ಟಣಿಗರಿಗೆ ಇದರ ಮೇಲೆ ಪ್ರಾಣ.

ಪುಣ್ಯವಿದ್ದದ್ದು ಬೋಳುಕುದ್ರುವಿನಲ್ಲಿ. ಪೂರ್ವದಲ್ಲಿ ಔರ್ಣವರೆಂಬ ಮಹರ್ಷಿಗಳು ಅಲ್ಲಿ ಒಂಟಿಕಾಲಿನ ಮೇಲೆ ನಿಂತು ಘೋರತಪವನ್ನಾಚರಿಸಿದ್ದರಿಂದ ಆ ಪಾದದ ಗುರುತು ಬಂಡೆಯ ಮೇಲೆ ಮೂಡಿತ್ತು. ಇನ್ನೊಂದು ಪಾದದ ಗುರುತಿಲ್ಲ, ಹುಡುಕಿ ಪ್ರಯೋಜನವಿಲ್ಲ. ಆಗ ಆ ದ್ವೀಪದಲ್ಲಿ ಒಂದು ಸಿಹಿನೀರಿನ ಝರಿ ಇತ್ತಂತೆ. ಅದರ ಗುಳುಗುಳು ಸದ್ದು ಧ್ಯಾನಭಂಗವನ್ನುಂಟುಮಾಡುತ್ತಿದೆಯೆಂದು ಕುಪಿತರಾದ ಮುನಿಗಳು, ಸುತ್ತಲೂ ಹಗಲಿರುಳು ಮೊರೆಯುತ್ತಿದ್ದ ಮಹಾಸಾಗರಕ್ಕೆ ಒಂದು ಮಾತನ್ನೂ ಅನ್ನದೆ, ಬಡಪಾಯಿ ಝರಿಯನ್ನು ಮಾತ್ರ ಒಂದೇ ಆಚಮನದಲ್ಲಿ ಕುಡಿದು ಮುಗಿಸಿದರು. ತಪಸ್ಸು ಫಲಿಸಿದ ಮೇಲೆ ಹಿಮಾಲಯಕ್ಕೆ ಹೊರಟುಹೋದರು. ಕುಡಿದದ್ದನ್ನು ಹಿಂದಕ್ಕೆ ಬಿಡಲು ಮರೆತರು. ಹೀಗಾಗಿ ಬೋಳುಕುದ್ರುವಿನಲ್ಲಿ ತೊಟ್ಟು ನೀರಿರಲಿಲ್ಲ. ಯಾತ್ರಿಕರು ಪಾದಕ್ಕೆ ಕೈಮುಗಿದು, ಗಂಟಲು ಒಣಗುವುದರೊಳಗೆ ದೋಣಿ ಹತ್ತುತ್ತಿದ್ದರು.

ಈ ಯಾತ್ರೆಯ ದೋಣಿ ಮಾಸ್ತಯ್ಯನೆಂಬ ತಂಡೇಲನದು. ಚುಕ್ಕಾಣಿ ಹಿಡಿಯುವವನು ಅವನಾದರೆ, ಮಾತು ಹಿಡಿಯುವವನು ಅವನ ತಮ್ಮ ಜಟ್ಟಿಗ. ಅಣ್ಣನು ಬಾಯಿ ತೆರೆದರೆ ಗಾಳಿಯ ವಿಷಯ, ಇಲ್ಲವೆ ಊಟ. ತಮ್ಮನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ. ಅಲೆಗೆ ಹೆದರಿ ದೇವರ ಹೆಸರು ಜಪಿಸುತ್ತ ಕುಳಿತವರು ಅವನ ಒಂದು ಮಾತಿಗೆ ನಕ್ಕು ದೇವರನ್ನು ಮರೆಯುತ್ತಿದ್ದರು. ಸ್ಥೂಲಕಾಯದ ಸೆಟ್ಟಿಯೊಬ್ಬನು ದೋಣಿಯ ಅಂಚಿಗೆ ಬಂದು ಕುಳಿತರೆ, "ಸೆಟ್ಟರೇ, ನಡುವಿಗೆ ಬನ್ನಿ. ಅಲ್ಲಿ ಕೂತರೆ ದೋಣಿ ನಿಮ್ಮ ಮಾತು ಕೇಳುತ್ತದೆ, ಅಣ್ಣನ ಮಾತು ಕೇಳುವುದಿಲ್ಲ" ಎನ್ನುವನು. ಜನರ ಚಪ್ಪಲಿ ಅದಲುಬದಲು ಮಾಡುವುದು, ಮಲಗಿದವನ ಜುಟ್ಟನ್ನು ಹಾಯಿಯ ಹಗ್ಗಕ್ಕೆ ಕಟ್ಟುವುದು, ಇವೆಲ್ಲ ಅವನ ನಿತ್ಯಕರ್ಮಗಳು.

ಅವನಿಗೆ ಸರಿಸಾಟಿಯಾಗಿ ಉತ್ತರ ಕೊಡುವ ಬಾಯಿ ಇಡೀ ಪಟ್ಟಣದಲ್ಲಿ ಒಂದೇ. ಅದು ಮಾಸ್ತಯ್ಯನ ಹೆಂಡತಿ ಬೆಳ್ಳಕ್ಕನದು. ಮೈದುನನು ಮೂಗು ಸೋರಿಸುತ್ತ ತಿರುಗುವ ಕಾಲದಲ್ಲಿ ಸೊಸೆಯಾಗಿ ಬಂದು, ಆ ಮೂಗನ್ನು ಒರೆಸಿ, ಉಣ್ಣಿಸಿ ಬೆಳೆಸಿದವಳು. ದೋಣಿಯಲ್ಲಿ ಯಾತ್ರಿಕರಿಗೆ ಅವಲಕ್ಕಿ ಬೆಲ್ಲ ಹಂಚುವ ಕೆಲಸ ಅವಳದಾಗಿತ್ತು. ಜಟ್ಟಿಗನು ಒಂದು ಅಂದರೆ ಅವಳು ಎರಡು ಅನ್ನುವಳು. ಅವನು ಕಡೆಗೆ ಸೋತು ಹುಟ್ಟು ಹಾಕಲು ಎದ್ದುಹೋಗುವನು. ಈ ಜಗಳವನ್ನು ಕೇಳಲಿಕ್ಕೆಂದೇ ಎರಡನೆಯ ಸಲ ಯಾತ್ರೆಗೆ ಬಂದವರಿದ್ದರು.

ಆ ಕಡಲಿನವರಿಗೆ ಒಂದು ಕಟ್ಟಳೆಯಿತ್ತು. ನೀರಿನ ಮೇಲಾಗಲಿ ಕುದ್ರುವಿನಲ್ಲಾಗಲಿ ಯಾರನ್ನೂ ಹೆಸರು ಹಿಡಿದು ಕೂಗಬಾರದು. ಕೂಗಿದರೆ ಕಡಲು ಆ ಹೆಸರನ್ನು ಕಲಿತುಕೊಂಡು ಮುಂದೊಂದು ದಿನ ತಾನೇ ಕರೆಯುತ್ತದೆ. ತಲೆಗಳನ್ನು ಎಣಿಸಲೂಬಾರದು, ಎಣಿಸಿದ್ದನ್ನು ಕಡಲು ಕಡಿಮೆ ಮಾಡುತ್ತದೆ. ಹಾಗಾದರೆ ಎಲ್ಲರೂ ಹಿಂದಿರುಗಿದರೆಂದು ತಿಳಿಯುವುದು ಹೇಗೆ? ಅದಕ್ಕೆ ದೋಣಿಯ ಅಂಚಿನುದ್ದಕ್ಕೂ ಆಳುಹಗ್ಗವೆಂಬ ತೆಂಗಿನ ನಾರಿನ ಹಗ್ಗವನ್ನು ಕಟ್ಟುತ್ತಿದ್ದರು. ಇಳಿಯುವವರು ಒಬ್ಬೊಬ್ಬರೂ ಅದಕ್ಕೆ ಒಂದು ನಾರಿನ ಎಳೆಯನ್ನು ಗಂಟು ಹಾಕಿ ಇಳಿಯಬೇಕು. ಹತ್ತುವಾಗ ತಮ್ಮ ಗಂಟನ್ನು ತಾವೇ ಬಿಚ್ಚಬೇಕು. ಗಂಟು ಉಳಿದರೆ ಆಳು ಉಳಿಯಿತೆಂದು ಅರ್ಥ. ಹಗ್ಗ ಖಾಲಿಯಾಗುವ ತನಕ ತಂಡೇಲನು ಲಂಗರು ಎತ್ತುವುದಿಲ್ಲ. ಖಾಲಿಯಾದ ಮೇಲೆ ತಿರುಗಿ ನೋಡುವುದಿಲ್ಲ.

ಹೀಗಿರಲಾಗಿ ಒಂದು ವೈಶಾಖಮಾಸದಲ್ಲಿ, ಆಕಾಶವು ಕಾಯಿಸಿದ ತಾಮ್ರದ ತಟ್ಟೆಯಂತಿದ್ದ ದಿನ, ದೋಣಿಯು ಎರಡು ಕುದ್ರುಗಳನ್ನು ಮುಗಿಸಿ ಬೋಳುಕುದ್ರುವಿಗೆ ಬಂದು ನಿಂತಿತು. ಯಾತ್ರಿಕರು ಗಂಟು ಹಾಕಿ ಇಳಿದರು. ಬೆಳ್ಳಕ್ಕನು ಖಾಲಿ ಬುಟ್ಟಿಯೊಂದನ್ನು ಕಂಕುಳಲ್ಲಿಟ್ಟುಕೊಂಡು, ತನ್ನ ಎಳೆಯನ್ನು ಹಲ್ಲಿನಲ್ಲಿ ಕಚ್ಚಿ ಬಿಗಿದಳು.

"ಅತ್ತಿಗೆ, ಇದೆಂಥ ಗಂಟು! ಬಿಚ್ಚಲಿಕ್ಕೆ ಬ್ರಹ್ಮನೇ ಇಳಿದು ಬರಬೇಕು. ತಾಳಿ ಕಟ್ಟುವಾಗ ಅಣ್ಣನೂ ಇಷ್ಟು ಬಿಗಿದಿರಲಿಲ್ಲ."

"ಅವರು ಬಿಗಿದಿದ್ದರೆ ನೀನು ಎಲ್ಲಿರುತ್ತಿದ್ದೆ ಮಾರಾಯ? ಆ ಸಡಿಲದಲ್ಲಿ ನುಸುಳಿಕೊಂಡು ನನ್ನ ತಲೆಗೆ ಬಂದು ಬಿದ್ದವನು ನೀನು."

ಸುತ್ತಲಿದ್ದವರು ನಕ್ಕರು. ಜಟ್ಟಿಗನು ಬುಟ್ಟಿಯ ಕಡೆಗೆ ಗಲ್ಲ ಎತ್ತಿ, "ಪುಣ್ಯವನ್ನು ಬುಟ್ಟಿಯಲ್ಲಿ ತರುವುದೋ?" ಎಂದನು.

"ಆಚೆ ಬದಿಯ ಬಂಡೆಗೆ ಚಿಪ್ಪು ಕಚ್ಚಿಕೊಂಡಿದೆ. ಚಿಪ್ಪಿನ ಸಾರಿಲ್ಲದೆ ನಿನಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲವಲ್ಲ, ಕಿತ್ತು ತರುತ್ತೇನೆ. ತುಂಬಿದರಾದರೂ ಆ ಬಾಯಿ ಮುಚ್ಚುತ್ತದೋ ನೋಡುವ." ಹೀಗೆಂದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂಡೆಯ ಹಿಂದೆ ಮರೆಯಾದಳು.

ಮಾತಿನಲ್ಲಿ ಸೋತಿದ್ದ ಜಟ್ಟಿಗನಿಗೆ ಆಗ ಒಂದು ಉಪಾಯ ಹೊಳೆಯಿತು. ದೋಣಿಯಲ್ಲಿ ಯಾರೂ ನೋಡದಾಗ ಕುಳಿತು, ಉಗುರಿನಿಂದಲೂ ಮೀನಿನ ಮುಳ್ಳಿನಿಂದಲೂ ಮೀಟಿ ಮೀಟಿ, ಅತ್ತಿಗೆಯ ಗಂಟನ್ನು ಬಿಚ್ಚಿ ಎಳೆಯನ್ನು ನೀರಿಗೆ ಬಿಟ್ಟನು. ಅವಳು ಬಂದು ತಡಕಾಡುವಾಗ ಹೇಳಬೇಕಾದ ಮಾತನ್ನೂ ಸಿದ್ಧಮಾಡಿಕೊಂಡನು: "ಹಗ್ಗದಲ್ಲಿ ನಿಮ್ಮ ಗಂಟೇ ಇಲ್ಲ ಅತ್ತಿಗೆ. ನೀವು ಈ ದೋಣಿಯಲ್ಲಿ ಬಂದವರೇ ಅಲ್ಲ. ಈಜಿಕೊಂಡು ಬನ್ನಿ." ಇದನ್ನು ನೆನೆದು ಒಬ್ಬನೇ ನಕ್ಕನು. ಅವನು ಮನಸಾರೆ ನಕ್ಕದ್ದು ಅದೇ ಕಡೆ.

ಅಷ್ಟರಲ್ಲಿ ಎಂದಿನ ತಂಪು ಪಡುಗಾಳಿಯ ಬದಲಿಗೆ ನೈಋತ್ಯದಿಂದ ಒಣಗಾಳಿಯೊಂದು ಹೊರಟಿತು. ಮೋಡವಿಲ್ಲ, ಮಿಂಚಿಲ್ಲ, ಒಂದು ಹನಿ ಮಳೆಯಿಲ್ಲ. ಕಡಲು ಮಾತ್ರ ತಳದಿಂದ ಯಾರೋ ಭುಜ ಕೊಟ್ಟು ಎತ್ತಿದಂತೆ ಉಬ್ಬಿತು. "ಹತ್ತಿ! ಹತ್ತಿ!" ಎಂದು ಮಾಸ್ತಯ್ಯನು ಒದರಿದನು. ಜನರು ಬಿದ್ದೆದ್ದು ಓಡಿಬಂದರು. ಜಟ್ಟಿಗನು ಎದೆಮಟ್ಟದ ನೀರಿನಲ್ಲಿ ನಿಂತು ಮುದುಕರನ್ನು ಹೆಗಲ ಮೇಲೆ ಹೊತ್ತು ಹೊತ್ತು ಏರಿಸಿದನು. ಬಂಡೆಗೆ ಬಡಿಯಲು ಹೋದ ದೋಣಿಗೆ ಬೆನ್ನು ಕೊಟ್ಟು ನಿಂತು ಬೆನ್ನ ಚರ್ಮ ಸುಲಿಸಿಕೊಂಡನು. ಅತ್ತಿಗೆಯೂ ಇಲ್ಲ, ಗಂಟೂ ಇಲ್ಲ, ಆ ಹೊತ್ತಿಗೆ ಅವನ ತಲೆಯಲ್ಲಿ ನೀರೊಂದೇ ಇತ್ತು.

"ಹಗ್ಗ?" ಎಂದು ಚುಕ್ಕಾಣಿಯಿಂದ ಮಾಸ್ತಯ್ಯ ಕೇಳಿದನು.

"ಖಾಲಿ!" ಎಂದು ಮುಂದೆ ಹುಟ್ಟು ಹಾಕುತ್ತಿದ್ದವನು ಕೂಗಿದನು.

ಲಂಗರು ಎದ್ದಿತು. ಜಟ್ಟಿಗನು ಕಡೆಯವನಾಗಿ ಹಿಂಬದಿಗೆ ಜೋತುಬಿದ್ದು ಹತ್ತಿ, ಕೈಗೆ ಸಿಕ್ಕ ಗರಟೆಯಿಂದ ನೀರು ಮೊಗೆದು ಹೊರಗೆ ಚೆಲ್ಲತೊಡಗಿದನು. ಹೆಂಗಸರೆಲ್ಲ ಚಾಪೆಯನ್ನು ಹೊದ್ದು ಒಂದೇ ಮುದ್ದೆಯಾಗಿ ಕುಳಿತಿದ್ದರು. ತೆಂಗುಕುದ್ರುವಿನ ಮರೆಗೆ ಬಂದು ಅಲೆ ಸ್ವಲ್ಪ ತಗ್ಗಿದಾಗ, ಅಳುತ್ತಿದ್ದವರನ್ನು ನಗಿಸೋಣವೆಂದು, ಅವನು ಆ ಚಾಪೆಯ ಕಡೆಗೆ ತಿರುಗಿದನು.

"ಅತ್ತಿಗೆ, ನೀವು ಚಿಪ್ಪನ್ನು ಕಿತ್ತಿರೋ, ಚಿಪ್ಪೇ ನಿಮ್ಮನ್ನು ಕಿತ್ತುಕೊಂಡಿತೋ?"

ಉತ್ತರ ಬರಲಿಲ್ಲ.

"ಏನು, ಕಡಲು ನಿಮ್ಮ ನಾಲಿಗೆಯನ್ನೂ ತೊಳೆದುಕೊಂಡು ಹೋಯಿತೋ?"

ಅದಕ್ಕೂ ಬರಲಿಲ್ಲ. ಎರಡು ಮಾತಿಗೆ ಸುಮ್ಮನಿರುವ ಹೆಂಗಸಲ್ಲ ಅವಳು. ಜಟ್ಟಿಗನ ಕೈಯಲ್ಲಿ ಗರಟೆ ಹಾಗೆಯೇ ನಿಂತಿತು. ಚಾಪೆಯ ಕೆಳಗಿನಿಂದ ಮುದುಕಿಯೊಬ್ಬಳು, "ಯಾರ ಹತ್ತಿರ ಮಾತಾಡುತ್ತಿ ಮಗಾ? ಅವಳು ನಮ್ಮ ಜೊತೆ ಇಲ್ಲ. ಗಂಡನ ಹತ್ತಿರ ಕೂತಿದ್ದಾಳೆ ಅಂತ ಮಾಡಿದ್ದೆವು" ಎಂದಳು.

ಅವನು ಜನರನ್ನು ತುಳಿದುಕೊಂಡು ಚುಕ್ಕಾಣಿಗೆ ಹೋದನು. ಅಲ್ಲಿ ಅಣ್ಣ ಒಬ್ಬನೇ ಇದ್ದನು.

"ಅಣ್ಣಾ, ತಿರುಗಿಸು. ಅತ್ತಿಗೆ ಕುದ್ರುವಿನಲ್ಲಿ ಉಳಿದಳು."

"ಹುಚ್ಚು ಹಿಡಿಯಿತಾ? ಹಗ್ಗ ಖಾಲಿ ಇತ್ತು."

"ಅವಳ ಗಂಟು ನಾನು ಬಿಚ್ಚಿದ್ದು."

"ಯಾಕೆ?"

"ತಮಾಷೆಗೆ."

ಮಾಸ್ತಯ್ಯನು ತಮ್ಮನ ಮುಖವನ್ನು ನೋಡಿದನು. ಚಾಪೆಯ ಕೆಳಗಿನ ಮುದ್ದೆಯನ್ನು ನೋಡಿದನು; ಸೆಟ್ಟಿಯೊಬ್ಬನ ತೊಡೆಯ ಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದ ಮಗುವನ್ನು ನೋಡಿದನು; ಹಿಂದೆ ಬೆಟ್ಟದಂತೆ ಎದ್ದು ಬರುತ್ತಿದ್ದ ನೀರನ್ನು ನೋಡಿದನು. ತಿರುಗಿಸಿದರೆ ದೋಣಿ ಮಗುಚುವುದೆಂದು ಅವನಿಗೂ ಗೊತ್ತಿತ್ತು, ತಮ್ಮನಿಗೂ ಗೊತ್ತಿತ್ತು. ಚುಕ್ಕಾಣಿಯನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು, ಮುಖವನ್ನು ಪಟ್ಟಣದ ಕಡೆಗೆ ಮಾಡಿ ಕುಳಿತನು.

ಗಾಳಿ ನಿಲ್ಲಲಿಲ್ಲ. ಅಳಿವೆಯ ಪಕ್ಕದ ಗುಡ್ಡವನ್ನು ಹತ್ತಿ ನಿಂತರೆ, ದೂರದಲ್ಲಿ ಕರಿಬಂಡೆಯ ನೆತ್ತಿಯ ಮೇಲೆ ಬಿಳಿಯದೊಂದು ಆಡುತ್ತಿರುವುದು ಕಾಣುತ್ತಿತ್ತು. ಅವಳ ಸೆರಗು ಅದು. ಪಟ್ಟಣವೆಲ್ಲ ಗುಡ್ಡಕ್ಕೆ ಬಂದು ನೋಡಿತು. ಮಾಸ್ತಯ್ಯನು ದೋಣಿಯನ್ನು ನೂಕಿಕೊಂಡು ಹೋದನು. ಅಳಿವೆಯ ಬಾಯಲ್ಲೇ ಅಲೆಯು ಅದನ್ನು ಎತ್ತಿ ಕುಕ್ಕಿ ಎರಡು ಹೋಳು ಮಾಡಿತು. ಪಕ್ಕೆಲುಬು ಮುರಿದವನನ್ನು ಹೊತ್ತು ತಂದು ಮನೆಯ ಜಗಲಿಯಲ್ಲಿ ಮಲಗಿಸಿದರು. ಬೇರೆ ದೋಣಿಯವರು ಕೈಮುಗಿದು ಹಿಂದೆ ಸರಿದರು. ಅವರನ್ನು ಬೈಯುವಂತಿರಲಿಲ್ಲ, ಅವರಿಗೂ ಮಕ್ಕಳಿದ್ದರು. ದಿನ ಕಳೆದಂತೆ ಬಿಳಿಯದು ಆಡುವುದು ಕಡಿಮೆಯಾಗಿ, ಒಂದು ಬೆಳಗ್ಗೆ ಒಂದೇ ಕಡೆ ನಿಂತಿತು. "ಕೂತಿದ್ದಾಳೆ" ಎಂದರು ಜನ. ಬೇರೆ ಮಾತನ್ನು ಯಾರೂ ಆಡಲಿಲ್ಲ.

ಮರುದಿನ ಗಾಳಿಯು ಉಸಿರು ಕಟ್ಟಿದಂತೆ ಸ್ವಲ್ಪ ತಗ್ಗಿತು. ಅಲೆ ತಗ್ಗಲಿಲ್ಲ. ಜಟ್ಟಿಗನು ಒಬ್ಬನೇ ನಡೆಸುವ ಸಣ್ಣ ಪಾತಿದೋಣಿಯನ್ನು ಎಳೆದನು. ಅವನ ಮುದಿತಾಯಿ ದ್ಯಾವಮ್ಮನು ಒಂದು ಕೊಡ ನೀರು ತಂದು, ಬಾಯಿಗೆ ಬಾಳೆಲೆ ಕಟ್ಟಿ, ಅವನ ಕಾಲಬಳಿ ಇಟ್ಟಳು.

"ಅಬ್ಬೆ, ನಾನು ಬಾರದಿದ್ದರೆ…"

"ನೀನು ಬರುವುದರ ವಿಷಯ ಯಾರು ಕೇಳಿದರು? ಈ ನೀರು ಅವಳದು. ದಾರಿಯಲ್ಲಿ ನಾಲಿಗೆ ಒಣಗಿತೆಂದು ಒಂದು ಗುಟುಕು ಕುಡಿದೀಯ, ಜಾಗ್ರತೆ."

ಬೇರೆ ಆಶೀರ್ವಾದ ಮಾಡಲಿಲ್ಲ ಅವಳು.

ಆ ಪ್ರಯಾಣವನ್ನು ವರ್ಣಿಸಲು ಸಹಸ್ರಜಿಹ್ವನಾದ ಆದಿಶೇಷನೇ ಬೇಕು. ಅವನೂ ಉಪ್ಪುನೀರು ಕುಡಿದು ಕೆಮ್ಮಿಯಾನು. ಪರ್ವತಾಕಾರದ ತರಂಗಗಳ ಮೇಲೆ ಹತ್ತಿ, ಪಾತಾಳಸದೃಶವಾದ ಕಣಿವೆಗಳಿಗೆ ಇಳಿದು, ಸುಡುವ ಬಿಸಿಲಿನಲ್ಲಿ ಹುಟ್ಟು ಹಾಕುತ್ತ ಜಟ್ಟಿಗನ ಅಂಗೈ ಒಡೆದು ರಕ್ತ ಹರಿಯಿತು, ತುಟಿ ಸೀಳಿತು, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಎರಡು ಕಾಲಿನ ನಡುವೆ ಕೊಡವು ತುಳುಕಿ ತುಳುಕಿ ಸದ್ದು ಮಾಡುತ್ತಿತ್ತು. ಅವನು ಅದರ ಬಾಯಿ ಬಿಚ್ಚಲಿಲ್ಲ. ಚಿಪ್ಪುಕುದ್ರುವನ್ನು ದಾಟಿದ ಮೇಲೆ ಅಲೆಯ ಹೊಗೆ ಕವಿದು, ಮುಂದೆ ಹಿಂದೆ ಬಿಳಿಯ ತುಂತುರೊಂದೇ ಉಳಿಯಿತು. ಬಂಡೆ ಯಾವ ಕಡೆಗಿದೆಯೆಂದು ತಿಳಿಯದೆ ಪಾತಿಯು ತಿರುಗಿದ ಕಡೆ ತಿರುಗಿತು. ಕೂಗಬೇಕು. ಆದರೆ ಅತ್ತಿಗೆ ಎಂದು ಕೂಗಿದರೆ ಜಗತ್ತಿನಲ್ಲಿ ಎಷ್ಟು ಅತ್ತಿಗೆಯರಿಲ್ಲ? ಅವನು ಹುಟ್ಟನ್ನು ಬಿಟ್ಟು, ಎದ್ದು ನಿಂತು, ಅವನ ಕುಲದಲ್ಲಿ ಯಾರೂ ನೀರಿನ ಮೇಲೆ ಮಾಡದಿದ್ದುದನ್ನು ಮಾಡಿದನು.

"ಬೆಳ್ಳಕ್ಕಾ!"

ಕಡಲು ಕೇಳಿಸಿಕೊಂಡಿತು. ಒಂದು ಗಳಿಗೆ ಅಲೆಯ ಮೊರೆತವೇ ಇಲ್ಲದಂತಾಯಿತು. ಆಮೇಲೆ ಬಲಗಡೆಯಿಂದ, ಅಡುಗೆಮನೆಯಿಂದ ಓಗೊಟ್ಟಷ್ಟು ಸಹಜವಾಗಿ, "ಓ" ಎಂದು ಕೇಳಿಸಿತು.

ಅವನು ಅತ್ತ ಹುಟ್ಟು ಹಾಕಿದನು. ದಾರಿ ತಪ್ಪಿತೆಂದಾಗಲೆಲ್ಲ ಕೂಗಿದನು. ಕೂಗಿದಾಗಲೆಲ್ಲ "ಓ" ಎಂದಿತು. ಬದುಕಿದ್ದಾಳೆ, ಬದುಕಿದ್ದಾಳೆ ಎಂದು ಒಡೆದ ತುಟಿಯಲ್ಲೇ ಅಳುತ್ತ ನಗುತ್ತ ಬಂಡೆಯನ್ನು ಮುಟ್ಟಿ, ಕೊಡವನ್ನು ತಲೆಯ ಮೇಲಿಟ್ಟುಕೊಂಡು ಮೊಣಕಾಲೂರಿ ಹತ್ತಿದನು.

ಬೆಳ್ಳಕ್ಕನು ಮಗ್ಗುಲಾಗಿ ಮಲಗಿದ್ದಳು. ಬುಟ್ಟಿಯ ಚಿಪ್ಪುಗಳೆಲ್ಲ ಒಡೆದಿದ್ದವು. ಒಳಗಿನ ತೇವಕ್ಕಾಗಿ ಒಡೆದದ್ದು. ಬಂಡೆಯ ಬಿರುಕೊಂದರಲ್ಲಿ ಉಗುರಿನಿಂದ ಕೆರೆದ ಗುರುತಿತ್ತು. ಕೈ ತಣ್ಣಗಾಗಿರಲಿಲ್ಲ, ಬಿಸಿಲು ಅದನ್ನು ಕಾಯಿಸಿತ್ತು. ಆದರೆ ಮರದಂತೆ ಸೆಟೆದಿತ್ತು. ಪ್ರಾಣ ಹೋಗಿ ಒಂದು ಹಗಲಿಗೂ ಹೆಚ್ಚಾಗಿತ್ತೆಂದು, ಹೆಣಗಳನ್ನು ಕಂಡಿದ್ದ ಕಡಲಿನವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಹಾಗಾದರೆ ಓಗೊಟ್ಟವರು ಯಾರು?

ಜಟ್ಟಿಗನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಳೆಲೆ ಹರಿದು, ಬಾಯಿಗೆ ನೀರು ಬಿಟ್ಟನು. ನೀರು ಕೆನ್ನೆಯ ಮೇಲಿಂದ ಇಳಿದುಹೋಯಿತು. ಮತ್ತೆ ಬಿಟ್ಟನು. ಮತ್ತೆ ಇಳಿಯಿತು. "ಕುಡಿಯಿರಿ ಅತ್ತಿಗೆ, ತಮಾಷೆಯಲ್ಲ" ಎಂದನು. ಆಗ ಅವನಿಗೆ ಏನಾಯಿತೋ, ಕೊಡವನ್ನೆತ್ತಿ ಅಷ್ಟನ್ನೂ ಅವಳು ಕೆರೆದಿದ್ದ ಬಿರುಕಿಗೆ ಸುರಿದುಬಿಟ್ಟನು. ತನಗೆಂದು ಒಂದು ಹನಿಯನ್ನೂ ಉಳಿಸಿಕೊಳ್ಳಲಿಲ್ಲ. ಸುರಿದ ನೀರು ಇಳಿದುಹೋಗಲಿಲ್ಲ. ಬಿರುಕಿನಲ್ಲಿ ನಿಂತಿತು, ನಡುಗಿತು, ಮೇಲಕ್ಕೆ ಉಕ್ಕಿತು. ಯುಗಾಂತರದ ಹಿಂದೆ ಮುನಿಯು ಕುಡಿದು ಹೋಗಿದ್ದ ಝರಿಯು ಆ ಒಂದು ಕೊಡದ ಹಿಂದೆಯೇ ಕಲ್ಲನ್ನೊಡೆದು ಹೊರಬಂದಿತು. ಅದೇ ಸಮಯದಲ್ಲಿ ದಶದಿಕ್ಕುಗಳನ್ನೂ ವ್ಯಾಪಿಸುವಂಥ ಅಶರೀರವಾಣಿಯು ಹೀಗೆ ನುಡಿಯಿತು:

"ಎಲೈ ಜಟ್ಟಿಗನೇ, ಇವಳಿಗೆ ತಡವಾಗಿ ಬಂದ ಈ ಜಲವು ಇನ್ನು ಮುಂದೆ ಈ ಶಿಲೆಯನ್ನು ಮುಟ್ಟಿದ ಯಾವ ಜೀವಿಗೂ ತಡವಾಗದಿರಲಿ. ಕಡಲು ಉಕ್ಕಿದರೂ ಇದು ಉಪ್ಪಾಗದು, ವೈಶಾಖವು ಉರಿದರೂ ಇದು ಬತ್ತದು. ಇವಳು ಇಲ್ಲಿಯೇ ಶಿಲಾರೂಪಿಣಿಯಾಗಿ ನೆಲೆಸಿ, ಕರೆದವರಿಗೆ ಓಗೊಡುವಳು. ನೀನು ಬಂದವರ ಕೈಗೆ ಈ ನೀರನ್ನು ಎರೆಯುತ್ತ ಬಾಳು. ಆದರೆ ನಿನ್ನ ನಾಲಿಗೆಗೂ ನಿನ್ನ ವಂಶದವರ ನಾಲಿಗೆಗೂ ಇದು ಸಮುದ್ರಜಲವೇ ಆಗಿರಲಿ."

ಜಟ್ಟಿಗನು ಶಾಪವನ್ನು ಒಪ್ಪಿದಂತೆ ತಲೆ ಬಾಗಿಸಿ, ಒಂದೇ ಒಂದು ಪ್ರಶ್ನೆ ಕೇಳಿದನು. "ನಾನು ಕರೆದಾಗ ಓ ಅಂದದ್ದು ಅವಳೇ ಹೌದೋ?" ವಾಣಿಯು ಅದಕ್ಕೆ ಉತ್ತರ ಕೊಡಲಿಲ್ಲ. ದೇವತೆಗಳು ಇಂಥ ಜಾಗದಲ್ಲಿ ಸುಮ್ಮನಾಗುವುದು ಹೊಸದಲ್ಲ.

ಆ ರಾತ್ರಿಯೇ ಕಡಲು ಇಳಿಯಿತು. ಬೆಳಗಾದೊಡನೆ ಮಾಸ್ತಯ್ಯನು ಪಕ್ಕೆಗೆ ಬಟ್ಟೆ ಕಟ್ಟಿಕೊಂಡು ಬೇರೆಯವರ ದೋಣಿಯಲ್ಲಿ ಬಂದನು. ಹೆಂಡತಿಯಿದ್ದ ಜಾಗದಲ್ಲಿ, ಮಗ್ಗುಲಾಗಿ ಮಲಗಿದ ಹೆಂಗಸಿನಂಥ ಬಂಡೆಯನ್ನು ಕಂಡನು. ತಮ್ಮನ ಮುಖ ನೋಡದೆ, ಎರಡು ಕೈಯನ್ನೂ ಮುಂದೆ ಚಾಚಿದನು. ಜಟ್ಟಿಗನು ನೀರೆರೆದನು. ಕುಡಿದು ಮುಗಿಸಿ ಮಾಸ್ತಯ್ಯನು ತನ್ನ ಒದ್ದೆ ಕೈಯನ್ನು ತಮ್ಮನ ತಲೆಗೆ ಒರೆಸಿದನು. ಅದು ಕ್ಷಮೆಯೋ, ಬರೀ ಕೈ ಒರೆಸಿಕೊಂಡದ್ದೋ ಎಂಬ ವಿಷಯದಲ್ಲಿ ಹಿರಿಯರಲ್ಲಿ ಭಿನ್ನಾಭಿಪ್ರಾಯವಿದೆ. ಅಣ್ಣ ತಮ್ಮಂದಿರು ಆಮೇಲೆ ಒಂದೇ ದೋಣಿಯಲ್ಲಿ ದುಡಿದರು, ಒಂದೇ ಮನೆಯಲ್ಲಿ ಉಂಡರು, ಮಾತಾಡಲಿಲ್ಲ.

ಭಕ್ತಮಹಾಶಯರು ಇಂದಿಗೂ ಬೋಳುಕುದ್ರುವಿಗೆ ಬಂದರೆ ಆ ಬಂಡೆಯನ್ನೂ, ಅದರ ತಲೆಯ ಬಳಿ ಬೊಗಸೆಯಷ್ಟೇ ಅಗಲದ, ಎಷ್ಟು ಮೊಗೆದರೂ ಮುಗಿಯದ ಬೆಳ್ಳಕ್ಕ ತೀರ್ಥವನ್ನೂ ಕಣ್ಣಾರೆ ಕಾಣಬಹುದು. ಕುದ್ರು ಬಿಡುವ ಮೊದಲು ಬಿಚ್ಚಲು ಈಗ ಆಳುಹಗ್ಗವಿಲ್ಲ. ಒಬ್ಬೊಬ್ಬರನ್ನೂ ಹೆಸರು ಹಿಡಿದು, ಕಡಲಿಗೆ ಕೇಳಿಸುವಂತೆ ಕೂಗಿಯೇ ದೋಣಿ ಹೊರಡಿಸುತ್ತಾರೆ. ವೈಶಾಖ ಅಮಾವಾಸ್ಯೆಯಂದು ಹೆಂಗಸರು ಒಬ್ಬೊಬ್ಬರಾಗಿ ನಿಂತು "ಬೆಳ್ಳಕ್ಕಾ" ಎಂದು ಕರೆಯುತ್ತಾರೆ. ಉತ್ತರ ಬರುತ್ತದೆ. ಅದು ಪ್ರತಿಧ್ವನಿಯೆನ್ನುವವರು "ಬೆಳ್ಳಕ್ಕಾ" ಎಂಬುದರ ಪ್ರತಿಧ್ವನಿ "ಓ" ಎಂದು ಹೇಗಾಯಿತೆಂಬುದನ್ನು ತಾವೇ ಹೇಳಬೇಕು. ಅಲ್ಲಿ ನಗಬಾರದೆಂಬ ನಿಯಮವಿಲ್ಲ. ತಾಯಿಗೆ ನಗು ಇಷ್ಟ. ಈ ಮಹಿಮೆಯನ್ನು ಕೇಳಿದವರಿಗೆ ಎಷ್ಟು ಪುಣ್ಯವೆಂದು ಹೇಳಲು ಬಾರದು; ಬಾಯಾರಿ ಬಂದವರಿಗೆ ನಾಳೆ ಎನ್ನದೆ ನೀರು ಕೊಟ್ಟರೆ ಅದಕ್ಕಿಂತ ಹೆಚ್ಚೆಂಬುದು ಮಾತ್ರ ಖಂಡಿತ.

ನಿಮ್ಮ ಕೈಗೆ ತೀರ್ಥವನ್ನು ಎರೆಯುವವನು ಜಟ್ಟಿಗನ ಮನೆತನದವನು. ಬಿಸಿಲಿನಲ್ಲಿ ನೂರಾರು ಕೈಗೆ ಎರೆದು ಎರೆದು ಅವನ ತುಟಿ ಒಣಗಿದಾಗ, ಪಕ್ಕದಲ್ಲಿಯೇ ತಣ್ಣಗೆ ಉಕ್ಕುತ್ತಿರುವ ನೀರಿಗೆ ಬೆನ್ನು ಹಾಕಿ, ಪಟ್ಟಣದಿಂದ ತಂದ ತನ್ನ ತಂಬಿಗೆಯನ್ನು ಎತ್ತುತ್ತಾನೆ. ತಂಬಿಗೆ ಖಾಲಿಯಾಗಿದ್ದರೆ, ದೋಣಿ ದಡ ಸೇರುವ ತನಕ ತಡೆದುಕೊಳ್ಳುತ್ತಾನೆ.